ನಲ್ಲಿ ಬಿಚ್ಚುವ ಮುಂಚೆ ಮೋಟರ್ ನೋಡಿ

ಮೊದಲು ಆ ‘ಅನ್‌ಇನ್‌ಸ್ಟಾಲ್’ ಗುಂಡಿಯ ಮೇಲಿಂದ ಕೈ ತೆಗೆಯಿರಿ. ತೆಗೆದಿರಾ? ಸರಿ, ಈಗ ಮಾತಾಡೋಣ.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರು ಎಡವಿದ ಕೂಡಲೇ ಮಾಡುವ ಕೆಲಸ ಇದೊಂದೇ. ಧ್ವನಿ ಬರಲಿಲ್ಲವೋ, ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕುವುದು. ಆಗಲೂ ಬರಲಿಲ್ಲವೋ, ಆಡಾಸಿಟಿ ಬಿಟ್ಟು ರೀಪರ್, ರೀಪರ್ ಬಿಟ್ಟು ಇನ್ಯಾವುದೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನನ್ನ ಬಳಿ ಹೀಗೆ ಅಳುತ್ತಾ ಬಂದವರ ಪೈಕಿ ಸಾಫ್ಟ್‌ವೇರೇ ಕೆಟ್ಟಿದ್ದವರು ಒಬ್ಬಿಬ್ಬರಿರಬಹುದು, ಅಷ್ಟೇ.

ನಾನೇನೂ ಕಂಪ್ಯೂಟರ್ ಓದಿದವಳಲ್ಲ. ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತದ ಪಾಠ ಹೇಳಿಕೊಂಡು ಇದ್ದವಳು. 2020ರ ಲಾಕ್‌ಡೌನಿನಲ್ಲಿ ಪಾಠ ನಿಂತಿತು. ಹಾಡಿ ಕಳಿಸಿ ಮಿಸ್ ಎಂದು ಮಕ್ಕಳ ತಾಯಂದಿರು ಕೇಳಿದರು. ಬೇರೆ ದಾರಿಯಿಲ್ಲದೆ ಕಲಿತೆ. ಕಲಿಯುವಾಗ ಮಾಡದ ತಪ್ಪಿಲ್ಲ, ಹಾಗಾಗಿಯೇ ನಿಮಗೆ ನಾಲ್ಕು ಮಾತು ಹೇಳುವ ಧೈರ್ಯ.

ಅಡುಗೆಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ನೀವು ಏನು ಮಾಡುತ್ತೀರಿ? ನಲ್ಲಿಯನ್ನೇ ಕಿತ್ತು ಹೊಸದು ಹಾಕಿಸುತ್ತೀರಾ? ಇಲ್ಲವಲ್ಲ. ಸಂಪಿನಲ್ಲಿ ನೀರಿದೆಯೇ, ಮೋಟರ್ ಹಾಕಿದೆಯೇ, ಮೇಲಿನ ಟ್ಯಾಂಕು ತುಂಬಿದೆಯೇ, ನಡುವೆ ಯಾರಾದರೂ ವಾಲ್ವ್ ತಿರುಗಿಸಿದ್ದಾರೆಯೇ ಎಂದು ನೀರು ಬರುವ ದಾರಿಯಲ್ಲೇ ನಡೆದು ನೋಡುತ್ತೀರಿ. ಧ್ವನಿಗೂ ಹಾಗೆಯೇ ಒಂದು ದಾರಿ ಇದೆ. ಬಾಯಿ, ಮೈಕು, ವೈರು, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಇದ್ದರೆ ಅದು, ಆಮೇಲೆ ಕಂಪ್ಯೂಟರು, ಅದರೊಳಗೆ ಸಾಫ್ಟ್‌ವೇರು, ಸಾಫ್ಟ್‌ವೇರಿನೊಳಗೆ ಟ್ರ್ಯಾಕು, ಕೊನೆಗೆ ನಿಮ್ಮ ಹೆಡ್‌ಫೋನು. ಬಾಯಿಯ ಕಡೆಯಿಂದ ಹೊರಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಟ್ಟಿಗೆ ಐದು ಗುಂಡಿ ಒತ್ತಿದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ನಾಳೆ ಮತ್ತೆ ಅದೇ ಗೋಳು.

ಮೈಕಿನ ಮುಂದೆ ನಿಂತಿದ್ದೀರಿ. ಯಾವ ಬದಿಗೆ ಹಾಡುತ್ತಿದ್ದೀರಿ? ದಪ್ಪ ತಲೆಯ ಸ್ಟುಡಿಯೋ ಮೈಕುಗಳಲ್ಲಿ ಹೆಚ್ಚಿನವು ಪಕ್ಕದಿಂದ ಕೇಳಿಸಿಕೊಳ್ಳುವಂಥವು. ಅವುಗಳ ತುದಿಗೆ ಬಾಯಿಟ್ಟು, ಐಸ್‌ಕ್ರೀಮ್ ತಿನ್ನುವವರ ಹಾಗೆ ಹಾಡಿದರೆ ಧ್ವನಿ ಮಂಕಾಗಿಯೇ ಬರುತ್ತದೆ. ಕಂಪನಿಯ ಹೆಸರೋ ಹೃದಯದ ಆಕಾರದ ಪುಟ್ಟ ಗುರುತೋ ಇರುವ ಬದಿ ಸಾಮಾನ್ಯವಾಗಿ ಅದರ ಮುಖ. ಅಲ್ಲಿಂದ ಒಂದು ಗೇಣು ದೂರ ನಿಲ್ಲಿ. ನಮ್ಮ ಭಾಷೆಯ ಪಕಾರ, ಭಕಾರ ಬಂದಾಗ ‘ಢಬ್’ ಎಂದು ಗಾಳಿ ಹೊಡೆಯುತ್ತದೆಯೇ? ಹಾಗಾದರೆ ಮೈಕನ್ನು ಬಾಯಿಯ ನೇರಕ್ಕೆ ಇಡಬೇಡಿ, ಸ್ವಲ್ಪ ಓರೆಗೆ ಸರಿಸಿ. ಕಸೂತಿ ಹಾಕುವ ರಿಂಗಿಗೆ ಹಳೆಯ ನೈಲಾನ್ ಬಟ್ಟೆ ಬಿಗಿದು ಮುಂದೆ ನಿಲ್ಲಿಸಿದರೂ ಆದೀತು. ಇನ್ನು ಕಂಡೆನ್ಸರ್ ಮೈಕನ್ನು ಇಂಟರ್‌ಫೇಸಿಗೆ ಹಾಕಿದ್ದರೆ, ಅದರ ಮೇಲೆ 48 ವೋಲ್ಟ್ ಎಂದು ಬರೆದಿರುವ ಗುಂಡಿ ಒತ್ತಿದ್ದೀರಾ ನೋಡಿ. ಆ ಕರೆಂಟು ಹೋಗದೆ ಅಂಥ ಮೈಕು ಉಸಿರೆತ್ತುವುದಿಲ್ಲ.

ಮುಂದಿನ ಹೆಜ್ಜೆಯಲ್ಲಿ ನಾನೇ ಬಿದ್ದಿದ್ದೆ, ನಗಬೇಡಿ. ಹೊಸ ಮೈಕು ತಂದ ದಿನ ಬಾಗಿಲು ಹಾಕಿಕೊಂಡು ಎರಡು ಗಂಟೆ ಹಾಡಿದೆ. ಕೇಳಿದರೆ ಬಾವಿಯೊಳಗೆ ಕೂತು ಹಾಡಿದ ಹಾಗಿದೆ, ಹಿಂದೆ ‘ಗುಯ್’ ಎಂದು ಲ್ಯಾಪ್‌ಟಾಪಿನ ಫ್ಯಾನು. ಮೈಕು ಮಾರಿದ ಅಂಗಡಿಯವನನ್ನು ಮನಸಾರೆ ಬೈದೆ. ಸಂಜೆ ತಂಗಿಯ ಮಗ ಬಂದ. ಏನೂ ಮಾತಾಡದೆ ಮೈಕಿನ ಜಾಲರಿಯನ್ನು ಉಗುರಿನಿಂದ ಕೆರೆದ. ಪರದೆಯ ಮೇಲಿನ ಹಸಿರು ಪಟ್ಟಿ ಮಿಸುಕಲಿಲ್ಲ. ಆಮೇಲೆ ಲ್ಯಾಪ್‌ಟಾಪಿನ ಕೀಬೋರ್ಡಿನ ಪಕ್ಕ ಕೆರೆದ. ಪಟ್ಟಿ ಕೆಂಪಿನವರೆಗೆ ಚಿಮ್ಮಿತು. ಎರಡು ಗಂಟೆಯೂ ನಾನು ಹಾಡಿದ್ದು ಲ್ಯಾಪ್‌ಟಾಪಿನ ಗುಂಡುಸೂಜಿ ತೂತಿನ ಮೈಕಿಗೆ. ದುಡ್ಡು ಕೊಟ್ಟು ತಂದ ಮೈಕು ಎದುರಿಗೆ ನಿಂತು ಸುಮ್ಮನೆ ನನ್ನ ಮುಖ ನೋಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಆದ್ದರಿಂದ ಪ್ರತಿ ಸಲವೂ ಹಾಡುವ ಮುಂಚೆ ಮೈಕನ್ನು ಕೆರೆದು ನೋಡಿ. ಪಟ್ಟಿ ಅಲ್ಲಾಡದಿದ್ದರೆ ಸಾಫ್ಟ್‌ವೇರಿನಲ್ಲಿ ‘ಇನ್‌ಪುಟ್’ ಯಾವುದೆಂದು ಆರಿಸುವ ಜಾಗಕ್ಕೆ ಹೋಗಿ ನಿಮ್ಮ ಮೈಕಿನ ಹೆಸರು ಆರಿಸಿ. ಹೆಸರೇ ಕಾಣುತ್ತಿಲ್ಲವೇ? ಆಡಾಸಿಟಿಯನ್ನು ಮೊದಲು ತೆರೆದು ಆಮೇಲೆ ಮೈಕು ಚುಚ್ಚಿದರೆ ಅದಕ್ಕೆ ಗೊತ್ತಾಗದೆ ಹೋಗುವುದುಂಟು. ‘ರೀಸ್ಕ್ಯಾನ್’ ಎಂದು ಒಂದು ಆಯ್ಕೆ ಇದೆ, ಅದನ್ನು ಒತ್ತಿ, ಇಲ್ಲವೇ ಮುಚ್ಚಿ ತೆರೆಯಿರಿ. ಹೆಸರಿದೆ, ಆದರೂ ನೇರ ಗೆರೆ ಮಾತ್ರ ಬರುತ್ತಿದೆ ಎಂದಾದರೆ ಮಿಕ್ಕಿದ್ದು ಅನುಮತಿಯ ಪ್ರಶ್ನೆ. ವಿಂಡೋಸ್ ಆಗಲಿ ಮ್ಯಾಕ್ ಆಗಲಿ, ಪ್ರೈವಸಿ ಎಂಬ ಸೆಟ್ಟಿಂಗಿನಲ್ಲಿ ‘ಮೈಕ್ರೋಫೋನ್’ ಎಂಬ ಬಾಗಿಲಿದೆ. ಮೊದಲ ದಿನ ಕೇಳಿದಾಗ ನೀವು ಓದದೆಯೇ ‘ಬೇಡ’ ಒತ್ತಿರುತ್ತೀರಿ. ಏನನ್ನೂ ಓದದೆ ಒತ್ತುವ ಈ ಚಾಳಿ ಬಿಡಿ, ದಯವಿಟ್ಟು.

ರೀಪರಿನಂಥವುಗಳಲ್ಲಿ ಇನ್ನೊಂದು ವಾಲ್ವ್ ಇದೆ. ಯಾವ ಟ್ರ್ಯಾಕಿಗೆ ಧ್ವನಿ ಹೋಗಬೇಕೋ ಆ ಟ್ರ್ಯಾಕನ್ನು ಸಿದ್ಧಗೊಳಿಸುವ ಗುಂಡಿ. ರೀಪರಿನಲ್ಲಿ ಟ್ರ್ಯಾಕಿನ ಪಕ್ಕ ಕೆಂಪಗೆ ಕಾಣುತ್ತದೆ. ಅದನ್ನು ಒತ್ತದೆ ಮೇಲಿನ ದೊಡ್ಡ ರೆಕಾರ್ಡ್ ಗುಂಡಿ ಒತ್ತಿದರೆ ಸಮಯ ಓಡುತ್ತದೆ, ಹಾಡು ಮಾತ್ರ ಎಲ್ಲಿಯೂ ಇಳಿಯುವುದಿಲ್ಲ. ಇನ್ನು ಎಡಗಿವಿಯಲ್ಲಿ ಮಾತ್ರ ಹಾಡು ಕೇಳುತ್ತಿದೆ, ಹೆಡ್‌ಫೋನು ಕೆಟ್ಟಿದೆ ಎಂದು ಹೊಸದು ತರಲು ಹೊರಟಿದ್ದೀರಲ್ಲ, ಕೂತುಕೊಳ್ಳಿ. ಒಂದು ಮೈಕನ್ನು ಸ್ಟೀರಿಯೋ ಟ್ರ್ಯಾಕಿಗೆ ಕೊಟ್ಟಿದ್ದೀರಿ, ಅಷ್ಟೇ. ಮೋನೋ ಮಾಡಿ. ದುಡ್ಡು ಉಳಿಯಿತು.

ಮೈಕಿನ ಧ್ವನಿ ಎಷ್ಟು ಜೋರಾಗಿ ಒಳಬರಬೇಕೆಂದು ನಿಗದಿಮಾಡುವ ಗೇನ್ ಗುಂಡಿ ತಿರುಗಿಸುವಾಗ ಎಲ್ಲರೂ ಮಾಡುವುದು ಒಂದೇ: ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’. ಹಲೋ ಎಂದು ಹೇಳಲು ಕೂತಿದ್ದೀರೋ, ಹಾಡಲು ಕೂತಿದ್ದೀರೋ? ನಿಮ್ಮ ಹಾಡಿನಲ್ಲಿ ಅತಿ ಜೋರಾದ ಜಾಗ ಯಾವುದು, ತಾರಸ್ಥಾಯಿಯ ಷಡ್ಜ ಹಿಡಿದು ನಿಲ್ಲುವ ಜಾಗ, ಅದನ್ನು ಪೂರ್ತಿ ದಮ್ಮಿನಲ್ಲಿ ಹಾಡಿ. ಆಗ ಪಟ್ಟಿಯ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನ್ ಇಡಿ. ಸೊನ್ನೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಕೇಳಲು ಹರಿದ ತಮಟೆಯಂತಿರುತ್ತದೆ. ಅದನ್ನು ಆಮೇಲೆ ಸರಿಮಾಡುತ್ತೇನೆ ಎನ್ನಬೇಡಿ. ಚಿತ್ರದಲ್ಲಿ ಕತ್ತರಿಸಿಹೋದ ತಲೆಯನ್ನು ಯಾರೂ ನಿಜವಾಗಿ ತಂದು ಕೂರಿಸಲಾರರು. ಕಡಿಮೆಯಾಯಿತೇನೋ ಎಂಬ ಭಯವೂ ಬೇಡ. ರೆಕಾರ್ಡಿಂಗ್ 24 ಬಿಟ್‌ನಲ್ಲಿ ಇಟ್ಟಿದ್ದರೆ ಸಣ್ಣಗೆ ಹಾಡಿದ್ದನ್ನೂ ಆಮೇಲೆ ಧಾರಾಳವಾಗಿ ಏರಿಸಬಹುದು. ಅತಿಯಾದರೆ ಅಮೃತವೂ ವಿಷ ಎನ್ನುವುದನ್ನು ಆ ಗುಂಡಿಯ ಪಕ್ಕ ಬರೆದು ಅಂಟಿಸಿ.

ಇನ್ನು ಎಲ್ಲರನ್ನೂ ಅಳಿಸುವ ತೊಂದರೆಗೆ ಬರೋಣ. ಹಾಡುವಾಗ ನಿಮ್ಮದೇ ಧ್ವನಿ ನಿಮ್ಮ ಹಿಂದೆ ಓಡಿಬರುತ್ತದೆ. ತಾಳ ಹಾಕಿದರೆ ಕೈ ಒಂದು ಕಡೆ, ಕಿವಿ ಒಂದು ಕಡೆ. ಇದಕ್ಕೆ ಲೇಟೆನ್ಸಿ ಎನ್ನುತ್ತಾರೆ. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ, ಬಿಂದಿಗೆ ತುಂಬಿಸಿಕೊಂಡು ಹೊತ್ತುಕೊಂಡು ಹೋಗುತ್ತದೆ. ಸೆಟ್ಟಿಂಗಿನಲ್ಲಿ ಕಾಣುವ ‘ಬಫರ್’ ಎಂದರೆ ಆ ಬಿಂದಿಗೆಯ ಗಾತ್ರ. ಸೆಕೆಂಡಿಗೆ 44,100 ಹನಿ ಎಂದಿಟ್ಟುಕೊಳ್ಳಿ. 256ರ ಬಿಂದಿಗೆ ತುಂಬಲು ಸುಮಾರು 6 ಮಿಲಿಸೆಕೆಂಡು, 1024ರ ಬಿಂದಿಗೆಗೆ 23. ಒಳಗೆ ಬರುವಾಗ ಒಂದು ಬಿಂದಿಗೆ, ಹೊರಗೆ ಹೋಗುವಾಗ ಒಂದು. ಅಲ್ಲಿಗೆ ದೊಡ್ಡ ಬಿಂದಿಗೆಯಲ್ಲಿ ಕಡಿಮೆಯೆಂದರೂ 46 ಮಿಲಿಸೆಕೆಂಡು ತಡ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಹತ್ತಿರ ಹತ್ತಿರ 16 ಮೀಟರ್ ಹೋಗಿರುತ್ತದೆ. ಮೃದಂಗದವರನ್ನು ರಸ್ತೆಯ ಆಚೆ ಬದಿಯ ಜಗಲಿಯಲ್ಲಿ ಕೂರಿಸಿ ನೀವು ಈಚೆ ಮನೆಯಲ್ಲಿ ಹಾಡಿದರೆ ಹೇಗಿರುತ್ತದೋ ಹಾಗೆ.

ಸಣ್ಣ ಬಿಂದಿಗೆಯೇ ಒಳ್ಳೆಯದಲ್ಲವೇ ಎಂದು 32ಕ್ಕೋ 64ಕ್ಕೋ ಇಳಿಸಿಬಿಡಬೇಡಿ. ಚಿಕ್ಕ ಬಿಂದಿಗೆ ಹಿಡಿದವರು ಹೆಚ್ಚು ಸಲ ಓಡಬೇಕು. ಓಡಿ ಓಡಿ ಎಡವಿದಾಗ ನೀರು ಚೆಲ್ಲುತ್ತದೆ. ಹಾಡಿನ ನಡುವೆ ‘ಚಟ್ ಪಟ್’ ಎಂದು ಒಗ್ಗರಣೆ ಸಿಡಿದಂತೆ ಕೇಳುವುದು ಅದೇ. ಹಾಡುವಾಗ 128 ಇಲ್ಲವೇ 256, ಹಾಡಿ ಮುಗಿದು ಜೋಡಿಸುವ ಕೆಲಸಕ್ಕೆ ಕೂತಾಗ 1024. ವಿಂಡೋಸಿನವರು ಇಂಟರ್‌ಫೇಸ್ ಮಾಡಿದ ಕಂಪನಿಯವರೇ ಕೊಡುವ ಏಸಿಯೋ ಡ್ರೈವರ್ ಹಾಕಿಕೊಳ್ಳಿ, ಸಾಫ್ಟ್‌ವೇರ್ ಅದನ್ನು ಒಪ್ಪುವುದಾದರೆ ಅದನ್ನೇ ಆರಿಸಿ. ಹಾಡುವ ಹೊತ್ತಿನಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬು ತೆರೆದಿಡುವುದು, ಟ್ರ್ಯಾಕಿಗೆ ಆಗಲೇ ನಾಲ್ಕು ಬಗೆಯ ರಿವರ್ಬ್ ಹಾಕಿರುವುದು, ಲ್ಯಾಪ್‌ಟಾಪನ್ನು ಬ್ಯಾಟರಿ ಉಳಿಸುವ ಮೋಡಿನಲ್ಲಿ ಬಿಟ್ಟಿರುವುದು, ಇವೆಲ್ಲ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಿಮ್ಮ ಲ್ಯಾಪ್‌ಟಾಪು ಹಳೆಯದಾದರೆ ಅದಕ್ಕೆ ಹೊಸ ಸೊಸೆಯಂತೆ ಓಡಾಡು ಎಂದರೆ ಎಲ್ಲಿ ಆದೀತು?

ಬ್ಲೂಟೂತ್ ಹೆಡ್‌ಫೋನು ಹಾಕಿಕೊಂಡು ಲೇಟೆನ್ಸಿ ಎಂದು ಗೋಳಾಡುವವರ ಜೊತೆ ನಾನು ಮಾತೇ ಆಡುವುದಿಲ್ಲ. ತಂತಿ ಇರುವುದು ಹಾಕಿಕೊಳ್ಳಿ, ಆಮೇಲೆ ಬನ್ನಿ. ಸ್ಪೀಕರಿನಲ್ಲಿ ಕೇಳುತ್ತಾ ಹಾಡುವುದಂತೂ ಬೇಡವೇ ಬೇಡ. ಸ್ಪೀಕರಿನ ಶಬ್ದವೇ ಮತ್ತೆ ಮೈಕಿಗೆ ಹೊಕ್ಕು ‘ಕುಯ್ಯೋ’ ಎನ್ನುತ್ತದೆ.

ತಡವಿಲ್ಲ, ಆದರೆ ನನ್ನ ಧ್ವನಿ ಎರಡೆರಡು ಸಲ ಕೇಳುತ್ತದೆ ಎನ್ನುವವರೂ ಇದ್ದೀರಿ. ನಿಮ್ಮ ಇಂಟರ್‌ಫೇಸು ಧ್ವನಿಯನ್ನು ನೇರವಾಗಿ ಹೆಡ್‌ಫೋನಿಗೆ ಕೊಡುತ್ತಿದೆ, ಸಾಫ್ಟ್‌ವೇರೂ ಸುತ್ತಿಬಳಸಿ ಅದನ್ನೇ ಕೊಡುತ್ತಿದೆ. ಒಂದೇ ಕಿವಿಗೆ ಇಬ್ಬರು ಒಂದೇ ಚಾಡಿ ಹೇಳಿದಂತೆ. ಟ್ರ್ಯಾಕಿನ ‘ಮಾನಿಟರ್’ ಗುಂಡಿ ಆಫ್ ಮಾಡಿ ಸಾಫ್ಟ್‌ವೇರಿನ ಬಾಯಿ ಮುಚ್ಚಿಸಿ. ನೇರವಾಗಿ ಕೇಳುವುದು ತಡವಿಲ್ಲದ್ದು, ಅದೇ ಇರಲಿ.

ಮೊದಲು ಹಾಡಿ, ಆಮೇಲೆ ಅದರ ಮೇಲೆ ಖಂಜಿರವನ್ನೋ ಪಿಟೀಲನ್ನೋ ಕೂರಿಸುವವರಿಗೆ ಇನ್ನೊಂದು ಮಾತು. ನುಡಿಸಿದವರು ಲಯ ತಪ್ಪಿದರು ಎಂದು ಬೈಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೆಟ್ರೋನೋಮಿನ ಟಕ್ ಟಕ್ ಒಂದು ಟ್ರ್ಯಾಕಿನಲ್ಲಿ ಇರಲಿ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ಒತ್ತಿ ಹಿಡಿದು ಅದನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ, ಎರಡನ್ನೂ ಹಿಗ್ಗಿಸಿ ನೋಡಿ. ಎಲ್ಲ ಟಕ್ಕುಗಳೂ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ಆ ಅಂತರವನ್ನು ಸೆಟ್ಟಿಂಗಿನಲ್ಲಿ ‘ಲೇಟೆನ್ಸಿ ಕಾಂಪೆನ್ಸೇಷನ್’ ಎಂಬಲ್ಲಿ ಸರಿದೂಗಿಸಿದರೆ ಮುಗಿಯಿತು. ಶುರುವಿನಲ್ಲಿ ಸರಿಯಿದ್ದು ಬರಬರುತ್ತಾ ಅಂತರ ಬೆಳೆಯುತ್ತಿದ್ದರೆ ಅದು ಬೇರೆ ರೋಗ. ಒಳಬರುವ ಧ್ವನಿ ಯುಎಸ್‌ಬಿ ಮೈಕಿನ ಗಡಿಯಾರದ ಪ್ರಕಾರ, ಹೊರಹೋಗುವುದು ಲ್ಯಾಪ್‌ಟಾಪಿನ ಗಡಿಯಾರದ ಪ್ರಕಾರ. ಇಬ್ಬರ ಗಡಿಯಾರವೂ ಕೂದಲೆಳೆಯಷ್ಟು ಹಿಂದುಮುಂದು. ಹೆಡ್‌ಫೋನನ್ನು ಲ್ಯಾಪ್‌ಟಾಪಿನಿಂದ ತೆಗೆದು ಮೈಕಿನಲ್ಲೇ ಇರುವ ತೂತಿಗೆ ಚುಚ್ಚಿ, ಸಾಫ್ಟ್‌ವೇರಿನ ‘ಔಟ್‌ಪುಟ್’ ಕೂಡ ಆ ಮೈಕಿನ ಹೆಸರಿಗೇ ಬದಲಿಸಿ. ಗಡಿಯಾರ ಒಂದೇ ಆಗುತ್ತದೆ.

ಶ್ರುತಿಯೇ ಏರಿಹೋಗುವುದನ್ನು ಕಂಡಿದ್ದೀರಾ? ಶಿಷ್ಯೆಯೊಬ್ಬಳು ಐದು ಮನೆ ಶ್ರುತಿಯಲ್ಲಿ ಹಾಡಿ ಕಳಿಸಿದ್ದು ನನ್ನಲ್ಲಿ ಐದೂವರೆ ದಾಟಿ ಆರರ ಹತ್ತಿರ ಕೇಳುತ್ತಿತ್ತು. ಐದು ನಿಮಿಷದ ಹಾಡು ನಾಲ್ಕು ನಿಮಿಷ ಮೂವತ್ತಾರು ಸೆಕೆಂಡಿಗೆ ಮುಗಿದಿತ್ತು. ಶ್ರುತಿಪೆಟ್ಟಿಗೆ ಕೆಟ್ಟಿದೆ ಎಂದು ಅವಳು, ಕಿವಿ ಕೆಟ್ಟಿತೇನೋ ಎಂದು ನಾನು. ಆಗಿದ್ದು ಇಷ್ಟೇ: ಸೆಕೆಂಡಿಗೆ 44,100 ಅಳತೆಯಲ್ಲಿ ಇಳಿದ ಹಾಡನ್ನು 48,000ದ ಅಳತೆಯಲ್ಲಿ ನುಡಿಸಿದ್ದೆವು. ಇಂಟರ್‌ಫೇಸಿನಲ್ಲಿ, ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನಲ್ಲಿ, ಸಾಫ್ಟ್‌ವೇರಿನ ಪ್ರಾಜೆಕ್ಟಿನಲ್ಲಿ, ಮೂರೂ ಕಡೆ ಸ್ಯಾಂಪಲ್ ರೇಟ್ ಒಂದೇ ಇರಬೇಕು. ವಿಡಿಯೋಗೆ ಹಾಕುವುದಾದರೆ 48,000 ಇಡಿ, ಸಿ.ಡಿ.ಗಾದರೆ 44,100. ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ನಿಲ್ಲಿ.

ತಂಬೂರಿ ಮಾಯವಾಗುವುದು ನಮ್ಮ ಸಂಗೀತದವರಿಗೇ ಮೀಸಲಾದ ಕಷ್ಟ. ಕಂಪ್ಯೂಟರು, ಫೋನು, ವಿಡಿಯೋ ಕರೆಯ ಸಾಫ್ಟ್‌ವೇರು ಇವುಗಳಲ್ಲೆಲ್ಲ ಗದ್ದಲ ತೆಗೆಯುವ ಒಂದು ಜಾಣತನ ಕೂತಿರುತ್ತದೆ. ಏರಿಳಿತವಿಲ್ಲದೆ ಒಂದೇ ಸಮನೆ ಬರುವುದೆಲ್ಲ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ನಮ್ಮ ಶ್ರುತಿಯನ್ನೂ ಫ್ಯಾನು ಎಂದುಕೊಂಡು ನುಂಗಿಬಿಡುತ್ತದೆ, ನೀಳವಾಗಿ ಹಿಡಿದ ಷಡ್ಜವನ್ನೂ ಅರ್ಧಕ್ಕೆ ತಿನ್ನುತ್ತದೆ. ಅದನ್ನು ಆಫ್ ಮಾಡಿಬಿಡಿ. ವಿಂಡೋಸಿನಲ್ಲಿ ಮೈಕಿನ ‘ಎನ್‌ಹ್ಯಾನ್ಸ್‌ಮೆಂಟ್ಸ್’ ಎಂಬಲ್ಲಿ ಹುಡುಕಿ. ನೀವೇ ಆಡಾಸಿಟಿಯಲ್ಲಿ ಗದ್ದಲ ತೆಗೆಯುವುದಾದರೆ, ಶ್ರುತಿ ಹಚ್ಚುವ ಮುಂಚೆ ಐದು ಸೆಕೆಂಡು ಬರೀ ಕೋಣೆಯ ಮೌನ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗದ್ದಲದ ಮಾದರಿ ಎಂದು ಆ ಮೌನವನ್ನು ತೋರಿಸಿ. ತಂಬೂರಿ ಸೇರಿದ ತುಣುಕನ್ನು ತೋರಿಸಿ, ಅಯ್ಯೋ ಶ್ರುತಿ ಹೋಯಿತು ಎಂದು ಆಮೇಲೆ ನನಗೆ ಫೋನು ಮಾಡಬೇಡಿ. ಅದಕ್ಕಿಂತ ಜಾಣತನ ಎಂದರೆ ತಂಬೂರಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡಿ, ಬೇರೆ ಟ್ರ್ಯಾಕಿನಲ್ಲಿ ಸೇರಿಸುವುದು.

‘ಹೂಂ’ ಎಂಬ ಗುಂಯ್‌ಗಾರ ಕೇಳುತ್ತಿದ್ದರೆ ಅದು ಹೆಚ್ಚಾಗಿ ಮನೆಯ ಕರೆಂಟಿನದು, 50 ಹರ್ಟ್ಜ್‌ನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಕಳ್ಳ ಸಿಕ್ಕಿದ. ಲ್ಯಾಪ್‌ಟಾಪು, ಇಂಟರ್‌ಫೇಸು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಗುಂಯ್‌ಗಾರ ಹೋಗುತ್ತದೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತಿಂಗ್ ಪಿನ್ನು ಮುರಿಯಲು ಯಾರಾದರೂ ಹೇಳಿಕೊಟ್ಟರೆ ಅವರ ಮಾತು ಕೇಳಬೇಡಿ. ಹಾಡು ಇನ್ನೊಂದು ದಿನ ಹಾಡಬಹುದು.

ಕೋಣೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾಲಿ ಹಾಲಿನಲ್ಲಿ ಹಾಡಿ ಗುಮ್ಮಟದೊಳಗಿನಂಥ ಧ್ವನಿ ಬಂದರೆ ಸಾಫ್ಟ್‌ವೇರಿನಿಂದ ತೆಗೆಯಲು ಹೆಣಗಬೇಡಿ. ಬಟ್ಟೆಯ ಬೀರು ತೆರೆದು ಅದರ ಕಡೆ ಬೆನ್ನು ಮಾಡಿ ನಿಲ್ಲಿ, ನೆಲಕ್ಕೆ ಜಮಖಾನ, ಎದುರಿಗೆ ಮಂಚದ ಮೇಲೆ ಎರಡು ರಜಾಯಿ. ಮುಗಿಯಿತು. ಹಾಡುವ ಮುನ್ನ ಪಕ್ಕದ ಮನೆಯವರ ಕುಕ್ಕರ್ ಎಷ್ಟನೇ ವಿಷಲಿನಲ್ಲಿದೆ ಎಂದೂ ಕೇಳಿಕೊಳ್ಳಿ.

ಉಳಿಸಿಕೊಳ್ಳುವ ಬುದ್ಧಿ ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆಡಾಸಿಟಿಯ ಹಳೆಯ ಆವೃತ್ತಿಗಳಲ್ಲಿ ಪ್ರಾಜೆಕ್ಟಿನ ಪಕ್ಕ ‘ಡೇಟಾ’ ಎಂದು ಒಂದು ಫೋಲ್ಡರ್ ಇರುತ್ತಿತ್ತು. ಏನೋ ಕಸ ಎಂದುಕೊಂಡು ಜಾಗ ಮಾಡಲು ಅದನ್ನು ಅಳಿಸಿದೆ. ಇಡೀ ಒಂದು ತಿಂಗಳ ಹಾಡು ಅದರೊಳಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. 2021ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಎಲ್ಲವೂ ಒಂದೇ ಕಡತದೊಳಗೆ ಕೂರುತ್ತದೆ, ನೀವು ಪುಣ್ಯವಂತರು. ಆದರೆ ರೀಪರಿನಲ್ಲಿ ಈಗಲೂ ಪ್ರಾಜೆಕ್ಟ್ ಕಡತವೆಂದರೆ ಬರೀ ಪಟ್ಟಿ, ಹಾಡು ಬೇರೆ ಕಡತಗಳಲ್ಲಿ. ಗೆಳೆಯರಿಗೆ ಪಟ್ಟಿ ಮಾತ್ರ ಕಳಿಸಿದರೆ ಅವರು ಏನು ಕೇಳಬೇಕು, ನಿಮ್ಮ ದಿನಸಿ ಚೀಟಿಯನ್ನೇ? ಫೋಲ್ಡರ್ ಪೂರ್ತಿ ಕಳಿಸಿ. ಎಂಪಿ3 ಮಾಡಿಟ್ಟೆ, ಪ್ರಾಜೆಕ್ಟ್ ಬೇಡ ಎಂದು ಬಿಸಾಡುವುದೂ ತಪ್ಪೇ. ಎಂಪಿ3 ಬೆಂದ ಅನ್ನ, ಅದರಿಂದ ಮತ್ತೆ ಅಕ್ಕಿ ಬಾರದು. ಜಾಗದ ಚಿಂತೆಯೇ? 24 ಬಿಟ್, 48,000ದಲ್ಲಿ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಒಂಬತ್ತು ಎಂಬಿ ಕೂಡ ಆಗುವುದಿಲ್ಲ. ಫೋನಿನಲ್ಲಿ ತುಂಬಿಸಿಕೊಂಡಿರುವ ಗುಡ್‌ಮಾರ್ನಿಂಗ್ ಚಿತ್ರಗಳನ್ನು ಅಳಿಸಿ, ಹಾಡಿಗೆ ಜಾಗವಾಗುತ್ತದೆ.

ಇಷ್ಟೆಲ್ಲ ನೋಡಿಯೂ ದಾರಿ ಕಾಣದಿದ್ದರೆ ತಿಳಿದವರನ್ನು ಕೇಳಿ, ನಾಚಿಕೆಯೇನಿಲ್ಲ. ಕೇಳುವುದನ್ನು ಮಾತ್ರ ನೆಟ್ಟಗೆ ಕೇಳಿ. ‘ಆಂಟಿ, ಬರ್ತಿಲ್ಲ’ ಎಂದು ಎರಡು ಪದ ಕಳಿಸಿ, ಜೊತೆಗೆ ಅಳುವ ಮುಖದ ಚಿತ್ರ ಹಾಕಿದರೆ ನಾನು ಏನೆಂದು ಹೇಳಲಿ? ವಿಂಡೋಸೋ ಮ್ಯಾಕೋ, ಸಾಫ್ಟ್‌ವೇರ್ ಯಾವುದು, ಮೈಕು ಯಾವುದು, ಮೈಕು ಕೆರೆದಾಗ ಪಟ್ಟಿ ಅಲ್ಲಾಡಿತೋ ಇಲ್ಲವೋ, ನಿನ್ನೆ ಸರಿಯಿದ್ದು ಇಂದು ಹೋಯಿತೋ ಅಥವಾ ಮೊದಲಿನಿಂದಲೂ ಹೀಗೆಯೋ, ಇದುವರೆಗೆ ಏನೇನು ಬದಲಿಸಿದ್ದೀರಿ, ಇಷ್ಟನ್ನು ಬರೆಯಿರಿ. ಪರದೆಯ ಮೇಲೆ ಬಂದ ಎಚ್ಚರಿಕೆಯ ಮಾತನ್ನು ನಿಮ್ಮ ಮಾತಿನಲ್ಲಿ ಹೇಳಬೇಡಿ, ಇದ್ದಹಾಗೆ ಫೋಟೋ ತೆಗೆದು ಕಳಿಸಿ. ಮೊನ್ನೆ ಹುಡುಗನೊಬ್ಬ ಹೀಗೆ ಬರೆಯಲು ಕೂತು, ಐದನೇ ಸಾಲಿಗೆ ಬರುವಷ್ಟರಲ್ಲಿ ವೈರಿನ ತುದಿ ಪೂರ್ತಿ ಕೂತಿಲ್ಲವೆಂದು ತಾನೇ ಕಂಡುಕೊಂಡ. ನಿಮಗೂ ಹಾಗೆ ಕಾಣದಿದ್ದರೆ ಖಂಡಿತ ಕಳಿಸಿ. ರಾತ್ರಿ ಒಂಬತ್ತೂವರೆಯ ಒಳಗೆ ಕಳಿಸಿ, ಬೆಳಿಗ್ಗೆ ಐದಕ್ಕೆ ಎದ್ದು ಸಾಧನೆಗೆ ಕೂರಬೇಕು ನಾನು.